ನಿಮ್ಮ ಬೀಗ, ನನ್ನ ಹೊಟ್ಟೆಕಿಚ್ಚು

ಮಾನ್ಯ ನಿರ್ದೇಶಕರೇ,

ನೀವು ಒಂದು ಕೋಣೆಗೆ ಹಾಕಿದ ಬೀಗದಿಂದ ನನ್ನ ಐದು ತಿಂಗಳ ಕೆಲಸ ಮಣ್ಣುಪಾಲಾಯಿತು. ಇದನ್ನೇ ಮೂರು ಅರ್ಜಿಗಳಲ್ಲಿ ವಿನಯದಿಂದ ಬರೆದೆ. ಒಂದಕ್ಕೂ ಉತ್ತರವಿಲ್ಲ. ಈಗ ಊರೆಲ್ಲ ಓದಲೆಂದು ಬರೆಯುತ್ತಿದ್ದೇನೆ. ನನ್ನ ಹತ್ತಿರ ವಿನಯ ಮುಗಿದಿದೆ.

ನಾನು ನಿಮ್ಮದೇ ಸಂಶೋಧನಾ ಕೇಂದ್ರದ ಭೌತಶಾಸ್ತ್ರದ ವಿದ್ಯಾರ್ಥಿನಿ. ಕುಲುಮೆಯಲ್ಲಿ ಗಾಜು ಕರಗಿಸಿ, ಅದರಲ್ಲಿ ಲೋಹದ ಆಕ್ಸೈಡು ಬೆರೆಸಿ, ಬೆಳಕಿಗೆ ಅದು ಹೇಗೆ ಹೊಳೆಯುತ್ತದೆಂದು ಅಳೆಯುವುದು ನನ್ನ ಕೆಲಸ. ಕುಲುಮೆ ಹಚ್ಚುವ ಮೊದಲು ಇದೇ ಗಾಜನ್ನು ಬೇರೆ ಯಾರಾದರೂ ಆಗಲೇ ಮಾಡಿದ್ದಾರೆಯೇ ಎಂದು ತಿಳಿಯಬೇಕು. ಯಾವ ಪ್ರಬಂಧ ಎಲ್ಲಿ ಅಚ್ಚಾಯಿತು, ಅದನ್ನು ಮುಂದೆ ಯಾರು ಉಲ್ಲೇಖಿಸಿದರು ಎಂದು ತೋರಿಸುವ ಡೇಟಾಬೇಸ್ ಇರುವುದೇ ಅದಕ್ಕೆ. ನಮ್ಮ ಕೇಂದ್ರವೂ ಅದಕ್ಕೆ ಚಂದಾ ಕಟ್ಟಿತ್ತು. ಆದರೆ ಅದು ತೆರೆಯುತ್ತಿದ್ದುದು ತಮ್ಮ ಕಚೇರಿಯ ಪಕ್ಕದ ಕೋಣೆಯ ಒಂದೇ ಕಂಪ್ಯೂಟರಿನಲ್ಲಿ. ಹೊಸ ಯಂತ್ರಕ್ಕೆ ಧೂಳು ಬೀಳಬಾರದೆಂದು ಕೋಣೆಗೆ ಬೀಗ. ಕೀಲಿಕೈ ತಮ್ಮ ಮೇಜಿನ ಖಾನೆಯಲ್ಲಿ. "ಸಾಹೇಬ್ರು ಮೀಟಿಂಗನ್ಯಾಗ ಅದಾರ್ರಿ, ನಾಳಿ ಬರ್ರಿ" ಎಂದು ಸಿಪಾಯಿ ಶಾಂತಯ್ಯನವರು ನನಗೆ ಎಷ್ಟು ಸಲ ಹೇಳಿದ್ದಾರೆಂದರೆ ಅವರಿಗೇ ಬೇಸರ ಬಂದಿದೆ. ಆ ಬಾಗಿಲು ತೆರೆದದ್ದನ್ನು ನಾನು ಕಂಡದ್ದು ಒಮ್ಮೆ, ದಸರೆಯಲ್ಲಿ ಯಂತ್ರಗಳಿಗೆ ಮಾಡುವ ಖಂಡೆಪೂಜೆಯ ದಿನ. ಓಡಿಹೋದೆ. ಪರದೆಗೆ ಕುಂಕುಮ, ಕೀಬೋರ್ಡಿನ ಮೇಲೆ ಚೆಂಡುಹೂ. "ಇವತ್ತ ಮುಟ್ಟಬಾರದ್ರಿ ಮೇಡಂ, ಪೂಜಿ ಆಗೇತಿ" ಎಂದರು ಶಾಂತಯ್ಯ. ವರ್ಷಕ್ಕೊಂದು ದಿನ ತೆರೆಯುವ ಬಾಗಿಲು, ಆ ದಿನವೇ ಮುಟ್ಟುವಂತಿಲ್ಲ! ಪೇಡೆ ತಿಂದು ಬಂದೆ.

"ಗೂಗಲ್ ಮಾಡ್ರಿ" ಎಂದು ಒಮ್ಮೆ ಜಿನೆಯ ಮೆಟ್ಟಿಲ ಮೇಲೆ ಸಿಕ್ಕಾಗ ಅಪ್ಪಣೆ ಕೊಟ್ಟಿರಿ. ಮಾಡಿದೆ ಸ್ವಾಮಿ. ಬಳೆ ಅಂಗಡಿ, ಕಿಟಕಿ ಗಾಜು, ಮೂವತ್ತು ಸಾವಿರ ಲೇಖನಗಳು ಒಟ್ಟಿಗೇ ಬಂದವು. ನಕ್ಷತ್ರ ನೋಡುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಅವರಿಗೊಂದು, ಕಣಭೌತಶಾಸ್ತ್ರದವರಿಗೊಂದು ಅಚ್ಚುಕಟ್ಟಾದ ಡೇಟಾಬೇಸ್ ಇದೆ, ಅದೂ ಪುಕ್ಕಟೆ. ಗಾಜು ಕಾಯಿಸುವವಳು ಏನು ಪಾಪ ಮಾಡಿದ್ದೆ?

ಇನ್ನೂ ಹತ್ತಿರದ ಹೊಟ್ಟೆಕಿಚ್ಚು ಸೌಮ್ಯಾಳ ಮೇಲೆ. ಉಪ್ಪಿನಬೆಟಗೇರಿಯ ಹುಡುಗಿ, ಎಂ.ಎಸ್ಸಿಯಲ್ಲಿ ನನ್ನ ಪಕ್ಕದ ಬೆಂಚು, ಅಂಕದಲ್ಲಿ ನನಗಿಂತ ಒಂದು ಕೈ ಕಡಿಮೆಯೇ. ಈಗ ಪುಣೆಯ ಸಂಸ್ಥೆಯೊಂದರಲ್ಲಿದ್ದಾಳೆ. ಹಾಸಿಗೆ ಮೇಲೆ ಕೂತು ಫೋನಿನಲ್ಲೇ ಎಲ್ಲ ಹುಡುಕುತ್ತಾಳೆ. ಪ್ರತಿ ರವಿವಾರ ನಾನು ಅವಳಿಗೆ ಹುಡುಕಬೇಕಾದ ಪದಗಳ ಪಟ್ಟಿ ಕಳಿಸುವುದು, ಅವಳು ಹುಡುಕಿ ಪ್ರಬಂಧ ಕಳಿಸುವುದು ನಮ್ಮ ರೂಢಿ. ಎರಡು ವರ್ಷ ಹೀಗೇ ನಡೆಯಿತು. ಒಂದು ರವಿವಾರ ಪ್ರಬಂಧಗಳ ಜೊತೆ ಅವಳ ಸಂದೇಶವೂ ಬಂತು. ಅವಳ ಲೇಖನವನ್ನು ದೊಡ್ಡ ಪತ್ರಿಕೆಯೊಂದು ಒಪ್ಪಿಕೊಂಡಿತ್ತು. "ಅಭಿನಂದನೆ" ಎಂದು ಬರೆದು ಹೂವಿನ ಚಿತ್ರ ಕಳಿಸಿದೆ. ಅಂದಿನಿಂದ ಐದು ತಿಂಗಳು ಪಟ್ಟಿ ಕಳಿಸಲಿಲ್ಲ. ಅವಳ ಮುಂದೆ ಕೈಚಾಚಲು ಮನಸ್ಸು ಒಪ್ಪಲಿಲ್ಲ, ಅಷ್ಟೇ.

ಆ ಐದು ತಿಂಗಳು ಕಣ್ಣು ಕಟ್ಟಿಕೊಂಡು ಕೆಲಸ ಮಾಡಿದೆ. ಮೂವತ್ತೇಳು ಸಲ ಗಾಜು ಕರಗಿಸಿದೆ. ಬರೆದು ಕಳಿಸಿದ ಲೇಖನ ಎರಡು ಸಾಲಿನ ಟಿಪ್ಪಣಿಯೊಂದಿಗೆ ವಾಪಸು ಬಂತು: ಇದೇ ಗಾಜು, ಇದೇ ಅಳತೆ, ಆರು ವರ್ಷದ ಹಿಂದೆ ಚೆಕ್ ದೇಶದ ಸಣ್ಣ ಪತ್ರಿಕೆಯೊಂದರಲ್ಲಿ ಅಚ್ಚಾಗಿದೆ. ಸೌಮ್ಯಾಳಿಗೆ ಪಟ್ಟಿ ಕಳಿಸಿದೆ. ನಾನು ಚಹಾ ಕುಡಿದು ಮುಗಿಸುವಷ್ಟರಲ್ಲಿ ಪ್ರಬಂಧ ಬಂತು. "ಯಾಕ ಬುಶ್ರಾ, ಇಷ್ಟು ದಿನ ಏನೂ ಕೇಳಲೇ ಇಲ್ಲಲ್ಲ?" ಎಂದಳು. "ನಿನಗ್ಯಾಕ ತ್ರಾಸ ಕೊಡೂದು ಅಂತ" ಎಂದೆ. ಸುಳ್ಳು ಹೇಳಿದೆ.

ನಮ್ಮಪ್ಪ ಮಲ್ಲಿಕಸಾಬ ಹಳೇ ಹುಬ್ಬಳ್ಳಿಯಲ್ಲಿ ಗ್ಯಾರೇಜ್ ಇಟ್ಟಿದ್ದಾರೆ. ಕಥೆ ಕೇಳಿ, ನಟ್ಟು ಬಿಚ್ಚುತ್ತಿದ್ದ ಪಾನೆ ಕೆಳಗಿಟ್ಟರು. "ಒಂದು ಪಾರ್ಟ್ ಕೊರಿಯೂಕಿಂತ ಮೊದಲ ನಾವು ನಾಕು ಗ್ಯಾರೇಜಿನ್ಯಾಗ ಕೇಳಿ ಬರ್ತೇವಿ ಬೇಟಾ. ನಿಮ್ಮಲ್ಲಿ ಕೇಳಾಕ ಬಿಡೂದಿಲ್ಲೇನು?" ಆ ಪ್ರಶ್ನೆಯನ್ನು ತಮಗೇ ದಾಟಿಸುತ್ತಿದ್ದೇನೆ, ಮಾನ್ಯರೇ.

ಕಳೆದ ತಿಂಗಳು ತಾವೇ ಸಹಿ ಮಾಡಿ ಸೂಚನಾ ಫಲಕಕ್ಕೆ ಹಚ್ಚಿದ ವರದಿ ಓದಿದೆ. ಇಡೀ ವರ್ಷದಲ್ಲಿ ಆ ಡೇಟಾಬೇಸಿನಲ್ಲಿ ನಡೆದ ಹುಡುಕಾಟ ಎರಡು. "ಬಳಸುವವರಿಲ್ಲದ ಕಾರಣ ಚಂದಾ ನಿಲ್ಲಿಸಲಾಗಿದೆ." ವರದಿಯ ಕೊನೆಯ ಕಾಲಂ ತಾವು ನೋಡಿಲ್ಲವೆಂದು ಕಾಣುತ್ತದೆ. ಹುಡುಕಿದ ಪದವೂ ಅಲ್ಲಿ ಅಚ್ಚಾಗಿತ್ತು. ಎರಡು ಸಲವೂ ತಮ್ಮದೇ ಹೆಸರು. ತಮ್ಮನ್ನು ಎಷ್ಟು ಜನ ಉಲ್ಲೇಖಿಸಿದ್ದಾರೆಂದು ನೋಡುವ ಆಸೆ ತಪ್ಪಲ್ಲ ಬಿಡಿ, ನನಗೂ ಇದೆ.

ಮಾರ್ಚಿಗೆ ನನ್ನ ನೋಂದಣಿ ಅವಧಿ ಮುಗಿಯುತ್ತದೆ, ನನ್ನ ಪಿಎಚ್.ಡಿ. ಮಹಾಪ್ರಬಂಧಕ್ಕೆ ಇನ್ನೂ ಒಂದು ಅಧ್ಯಾಯ ಕಡಿಮೆ ಬಿದ್ದಿದೆ. ಆರು ತಿಂಗಳು ಮುಂದುವರಿಸಿಕೊಡಿ. ಚಂದಾ ಮತ್ತೆ ಕಟ್ಟಿ, ಪ್ರತಿ ಸಂಶೋಧಕರಿಗೂ ಅವರವರ ಪಾಸ್‌ವರ್ಡ್ ಕೊಡಿ. ಕೋಣೆ, ಬೀಗ, ಕುಂಕುಮ ತಮಗೇ ಇರಲಿ. ಸೌಮ್ಯಾ ಈ ಪತ್ರ ಓದುತ್ತಾಳೆ, ನಾನು ಹೇಳಿದ ಸುಳ್ಳು ಅವಳಿಗೆ ಇವತ್ತು ಗೊತ್ತಾಗುತ್ತದೆ. ಗೊತ್ತಾಗಲಿ. ನನ್ನ ಹೊಟ್ಟೆಕಿಚ್ಚು ನನ್ನ ತಪ್ಪು, ಅದಕ್ಕೆ ಅವಳ ಹತ್ತಿರ ನಾನೇ ಕ್ಷಮೆ ಕೇಳುತ್ತೇನೆ. ಆದರೆ ಒಂದು ರವಿವಾರವಾದರೂ ಯಾವ ಪಟ್ಟಿಯೂ ಇಲ್ಲದೆ, "ಹೆಂಗದೀ?" ಎಂದಷ್ಟೇ ಅವಳಿಗೆ ಬರೆಯುವ ಹಾಗೆ ಮಾಡಿಕೊಡುವುದು ತಮ್ಮ ಕೈಯಲ್ಲಿದೆ.

ಇಂತಿ,
ತಮ್ಮ ವರದಿಯ ಪ್ರಕಾರ ಇಲ್ಲವೇ ಇಲ್ಲದ ಬಳಕೆದಾರಳು,
ಬುಶ್ರಾ, ಹಳೇ ಹುಬ್ಬಳ್ಳಿ