ಕಂಬದ ಹದ್ದಿಗೆ ಒಂದು ಬೆಳಗು ರಜೆ ಕೊಡಿ

ದೇಶದ ಶುದ್ಧ ಇಂಧನದ ಯೋಜನೆ ಬರೆಯುವ ಮಾನ್ಯರೇ,

ಪಾವಗಡದ ಕಡೆಯ ನಮ್ಮ ಊರಿನಲ್ಲಿ ಸತ್ತವರ ಎಡೆಯನ್ನು ಕಾಗೆ ಮುಟ್ಟುತ್ತಿಲ್ಲ. ಕಾರಣ ನೀವು.

ಸೌರ ಫಲಕಗಳ ಮೇಲೆ ಹಕ್ಕಿಯ ಹಿಕ್ಕೆ ಬಿದ್ದರೆ ವಿದ್ಯುತ್ತು ಕಡಿಮೆಯಾಗುತ್ತದಂತೆ. ಅದಕ್ಕಾಗಿ ಬೇಲಿಯುದ್ದಕ್ಕೂ ಕಂಬ ನೆಟ್ಟು ಮೈಕಿನಲ್ಲಿ ಹದ್ದಿನ ಕೂಗು ಹಾಕಿದ್ದಾರೆ. ಇಲ್ಲದ ಹದ್ದು ದಿನವಿಡೀ ಕೂಗುತ್ತದೆ; ಇದ್ದ ಕಾಗೆಗಳು ಕೆರೆಯಾಚೆಗೆ ಹೋಗಿವೆ. ೨೦೭೦ಕ್ಕೆ ಇಂಗಾಲದ ಹೊಗೆಯಲ್ಲಿ ಶೂನ್ಯ ಮುಟ್ಟುವುದು ನಿಮ್ಮ ಗುರಿ. ನಮ್ಮೂರಿನ ಕಾಗೆಗಳು ಆಗಲೇ ಮುಟ್ಟಿವೆ. ಅಭಿನಂದನೆಯನ್ನು ಯಾವ ಕಚೇರಿಗೆ ಕಳಿಸಬೇಕು?

ಕಳೆದ ವಾರ ನನ್ನ ದೊಡ್ಡಮ್ಮ ಓಬಳಮ್ಮ ತೀರಿಕೊಂಡಳು. ಹೊಲವನ್ನು ಫಲಕಗಳಿಗೆ ಗುತ್ತಿಗೆ ಕೊಡಲು ಅವಳಿಗೆ ಮನಸ್ಸಿರಲಿಲ್ಲ; ಮಗಳು ಲಕ್ಷ್ಮೀದೇವಿ ಒಪ್ಪಿಸಿದ್ದಳು. ಬೇಲಿಯ ಹೊರಗೆ ಉಳಿದ ತುಂಡು ನೆಲದಲ್ಲೇ ಹೂಳಿದೆವು. ಮೂರನೆಯ ದಿನ ಹಾಲು ತುಪ್ಪ ಬಿಟ್ಟು, ಎಡೆ ಇಟ್ಟು ದೂರ ನಿಂತೆವು. ಕಾಗೆ ಮುಟ್ಟದಿದ್ದರೆ ಸತ್ತವರಿಗೆ ಏನೋ ಆಸೆ ಉಳಿದಿದೆ ಎಂದರ್ಥ. ಬದುಕಿರುವವರು ಒಂದೊಂದಾಗಿ ಮಾತು ಕೊಡುತ್ತಾ ಹೋಗಬೇಕು.

"ಅವ್ವಾ, ನಿನ್ ಕೋಳಿಗಳ್ನ ನಾನೇ ನೋಡ್ಕೊತೀನಿ," ಎಂದಳು ಲಕ್ಷ್ಮೀದೇವಿ. ಹದ್ದು ಕೂಗಿತು.

"ಎಲೆ ಅಡ್ಕೆ ಇಕ್ಕುದ್ರಾ? ಅದಿಲ್ದೆ ಮುದ್ಕಿ ಸ್ವರ್ಗದ ಬಾಗ್ಲೂ ದಾಟಾಕಿಲ್ಲ," ಎಂದರು ಯಾರೋ. ಇಟ್ಟರು. ಹದ್ದು ಕೂಗಿತು.

ದೊಡ್ಡಮ್ಮನ ತಮ್ಮ ದೊಡ್ಡರಂಗಪ್ಪ ಈ ಗಳಿಗೆಗೇ ಕಾದಿದ್ದ. "ಹೊಲ ಕೊಟ್ಟೋಳೇ ಎಡೆ ಇಕ್ಕವ್ಳೆ. ಹೆಂಗೆ ಮುಟ್ತದೆ? ನಮ್ಮಕ್ಕ ಮುನಿಸ್ಕೊಂಡವ್ಳೆ ಕಣಮ್ಮ."

"ಮಾವ, ಆ ಮೈಕು ಕೇಳುಸ್ತಿಲ್ವಾ ನಿಂಗೆ?"

"ಮೈಕ್ ತಂದೋರ್ ಯಾರವ್ವ?"

ಬೇಲಿಯೊಳಗಿದ್ದ ಕಾವಲುಗಾರ ಭೀಮರಾಜುವನ್ನು ನಾನು ಕೇಳಿಕೊಂಡೆ. "ಅದ್ನ ನಿಲ್ಸುದ್ರೆ ನನ್ ಕೆಲ್ಸಾನೂ ನಿಂತೋಯ್ತದೆ ಕಣಣ್ಣ," ಎಂದ.

ಹನ್ನೊಂದನೆಯ ದಿನವೂ ಕಾಗೆ ಮುಟ್ಟದಿದ್ದರೆ ಲಕ್ಷ್ಮೀದೇವಿ ತವರಿನ ಹೊಸ್ತಿಲು ತುಳಿಯುವಂತಿಲ್ಲ. ಇದು ದೊಡ್ಡರಂಗಪ್ಪನ ತೀರ್ಪು, ಎಲ್ಲರೂ ತಲೆಯಾಡಿಸಿದ್ದಾರೆ. ಮೈಕು ಯಾರಿಗೆ ಕೇಳಿಸಿಲ್ಲ? ಆದರೆ ನಿಮ್ಮನ್ನು ಬೈದರೆ ನಿಮಗೆ ತಿಳಿಯುವುದಿಲ್ಲ. ಅವಳನ್ನು ಬೈದರೆ ಅವಳು ಅಳುತ್ತಾಳೆ. ಬೈಯುವವರಿಗೆ ಅಷ್ಟಾದರೂ ಫಲ ಬೇಡವೇ?

ನನಗೆ ಕಾಗೆಯಲ್ಲಿ ನಂಬಿಕೆಯಿಲ್ಲ. ಕಲ್ಲಿದ್ದಲಿನ ಹೊಗೆ ನಿಲ್ಲಬೇಕು ಎಂಬುದರಲ್ಲಿ ಇದೆ. ಆದರೆ ಭೂಮಿಯ ಜ್ವರ ಇಳಿಸಹೊರಟ ನಿಮ್ಮ ಯೋಜನೆಯಲ್ಲಿ ಹಕ್ಕಿಗೆ ಹಿಕ್ಕೆಯಲ್ಲದೆ ಬೇರೆ ಹೆಸರಿದೆಯೇ? ಲಕ್ಷ್ಮೀದೇವಿಗೆ?

ಬರುವ ಶನಿವಾರ ಹನ್ನೊಂದನೆಯ ದಿನ. ಅಂದು ಬೆಳಿಗ್ಗೆ ಆ ಕಂಬದ ಬಾಯಿ ಮುಚ್ಚಿಸಿ. ನಾಲ್ಕು ಹಿಕ್ಕೆಗೆ ದೇಶ ಕತ್ತಲಾಗುವುದಿಲ್ಲ. ಆಗದು ಎನ್ನುವುದಾದರೆ ನೀವೇ ಬನ್ನಿ. ಕಾಗೆಯನ್ನು ಓಡಿಸಿದವರು ಕಾಗೆಯ ಕೆಲಸ ಮಾಡಬೇಕು. ಮಣ್ಣಿನಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು, ದೊಡ್ಡರಂಗಪ್ಪ ನೋಡುವಂತೆ, ಆ ಎಡೆಯಿಂದ ಒಂದು ತುತ್ತು ತಿನ್ನಿ. ಮುದ್ದೆ, ಹುರುಳಿ ಸಾರು ಇರುತ್ತದೆ.

ಇಂತಿ,
ಬೇಲಿಯ ಹೊರಗೆ ದೂರ ನಿಂತು ನಿಮ್ಮ ದಾರಿ ನೋಡುವ,
ಓಬಳಮ್ಮನ ತಂಗಿಯ ಮಗ