ಹೊಗೆಕೊಳವೆಯ ಬುಡದಲ್ಲಿ ಬಿಸಿಯಾದ ಬುತ್ತಿ

ಬಿಳಿಗಲ್ಲೂರು, ಕಾಗಿಣಾ ನದಿಯ ದಂಡೆ
ಫೆಬ್ರವರಿ 30, 2214

ಎರಡು ಶತಮಾನ ಹಿಂದಿನವರೇ,

ದಿನಾಂಕ ತಪ್ಪಿಲ್ಲ. ಗೂಡಿನ ವಾರ್ಷಿಕ ದುರಸ್ತಿಗೆಂದು ನಾವು ಫೆಬ್ರವರಿಗೆ ಎರಡು ದಿನ ಸೇರಿಸಿಕೊಂಡು ನೂರು ವರ್ಷವಾಯಿತು. ನನ್ನ ಕೆಲವು ಪದಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ಕ್ಷಮೆ ಇಷ್ಟಕ್ಕೆ ಮಾತ್ರ. ಮುಂದೆ ಬರೆಯುವುದಕ್ಕೆ ಕೇಳುವುದಿಲ್ಲ.

ನಮ್ಮದು ಸಿಮೆಂಟಿನ ಊರು. ಸುಣ್ಣದ ಕಲ್ಲು ಸುಡುವ ಗೂಡಿನಿಂದ ಹೊರಟ ಬಿಸಿಗಾಳಿ ನೇರವಾಗಿ ಆಕಾಶಕ್ಕೆ ಹೋಗುವಂತಿಲ್ಲ. ಮೊದಲು ಅದು ಕಾವುಮನೆಗೆ ಹೋಗಿ ನೀರನ್ನು ಆವಿ ಮಾಡುತ್ತದೆ, ಆವಿ ಚಕ್ರ ತಿರುಗಿಸುತ್ತದೆ, ಊರಿಗೆ ಕರೆಂಟು ಬರುತ್ತದೆ. ಉಳಿದ ಕಾವು, ಬೇಗ ಕುದಿಯುವ ಇನ್ನೊಂದು ದ್ರವವನ್ನು ಕುದಿಸಿ ಸಣ್ಣ ಚಕ್ರವನ್ನು ತಿರುಗಿಸುತ್ತದೆ. ಅಲ್ಲಿಂದ ಬರುವ ಬಿಸಿನೀರು ಒಣಗುಮನೆಯ ಗೋಡೆಗಳೊಳಗೆ ಹರಿಯುತ್ತದೆ. ತೊಗರಿಬೇಳೆಯೂ ಒಗೆದ ಕೌದಿಗಳೂ ಅಲ್ಲೇ ಒಣಗುತ್ತವೆ. ಊರಿನ ಅರ್ಧ ಜಗಳಗಳು ಹುಟ್ಟುವುದೂ ಅಲ್ಲೇ. ಇಷ್ಟೆಲ್ಲ ಸುತ್ತಿ ಹೊಗೆಕೊಳವೆ ಸೇರುವಾಗ ಆ ಗಾಳಿ ಎಮ್ಮೆಯ ಉಸಿರಿನಷ್ಟು ಬೆಚ್ಚಗಿರಬೇಕು, ಹೆಚ್ಚಲ್ಲ.

ಅದನ್ನು ನೋಡುವುದು ನನ್ನ ಕೆಲಸ. ನಾನು ಗುರುಲಿಂಗಮ್ಮ, ಊರಿನ ಅಂಗೈಸಾಕ್ಷಿ. ದುರಸ್ತಿಯಾದ ಗೂಡನ್ನು ಒಂದು ದಿನ ಪರೀಕ್ಷೆಗೆ ಹಚ್ಚುತ್ತಾರೆ. ಆಗ ಕೊಳವೆಯ ಬುಡದ ಉಕ್ಕಿನ ತಗಡಿನ ಮೇಲೆ ನಾನು ಅಂಗೈ ಇಟ್ಟು ನೂರರವರೆಗೆ ಎಣಿಸಬೇಕು. ನಡುವೆ ಕೈ ತೆಗೆದರೆ ಗೂಡು ಆರಿಸಬೇಕು. ಮೀಟರಿನಿಂದ ಏನು ಬೇಕಾದರೂ ಹೇಳಿಸಬಹುದೆಂದು ಹಿರಿಯರು ಕಂಡುಕೊಂಡ ಮೇಲೆ ಬಂದ ಪದ್ಧತಿ ಇದು.

ಈ ಸಲ ಸಣ್ಣ ಚಕ್ರ ಕೆಟ್ಟಿತು. ಸರಿಯಾಗಲು ನಲವತ್ತು ದಿನ ಬೇಕು, ಅಲ್ಲಿಯವರೆಗೆ ಆ ಉಳಿದ ಕಾವೆಲ್ಲ ನೇರ ಕೊಳವೆಗೇ. ಗೂಡಿನ ಮೇಲ್ವಿಚಾರಕಿ ನನ್ನ ಮೊಮ್ಮಗಳು ಸುಗಲಾ. ಗೂಡು ನಿಂತರೆ ಮುನ್ನೂರು ಜನರಿಗೆ ಪಾಳಿಯಿಲ್ಲ, ಅವಳ ಹುದ್ದೆಯೂ ಉಳಿಯುವುದಿಲ್ಲ.

"ಆಯಿ, ನಲವತ್ತೇ ದಿನ. ಬರೇ ನೂರು ಎಣಸು. ಬೇಕಾದ್ರ ಲಗೂ ಲಗೂ ಎಣಸು," ಎಂದು ಬರೆದು ತಂದ ಅರ್ಜಿಯನ್ನು ಕೈಗಿಟ್ಟಳು.

ನಿಜ ಹೇಳುತ್ತೇನೆ, ನನ್ನ ಮನಸ್ಸು ಕರಗಿತ್ತು. ಹಿಂದೆ ಯಾರಾದರೂ ಹೀಗೆ ವಿನಾಯಿತಿ ಕೊಟ್ಟಿದ್ದರೆ ಅದರ ಆಸರೆ ಸಿಗಲೆಂದು ಹಳೆಯ ಕಡತಗಳ ಕಪಾಟು ತೆರೆದೆ. ಸಿಕ್ಕಿದ್ದು ನಿಮ್ಮ ಕಾಲದ ಎರಡು ಕಾಗದ.

ಮೊದಲನೆಯದು ಜ್ಞಾಪನ: "ಕೆಲಸಗಾರ ಮೌಲಾಸಾಬ ಹೊಗೆಕೊಳವೆಯ ಬುಡದಲ್ಲಿ ಬುತ್ತಿ ಬಿಸಿ ಮಾಡಿಕೊಂಡದ್ದು ಕಂಡುಬಂದಿದೆ. ಕಾರ್ಖಾನೆಯ ಶಾಖವನ್ನು ಸ್ವಂತಕ್ಕೆ ಬಳಸುವುದು ಶಿಸ್ತಿನ ಉಲ್ಲಂಘನೆ. ಮೂರು ದಿನ ಅಮಾನತು."

ಎರಡನೆಯದು ಒಬ್ಬ ಎಂಜಿನಿಯರನ ವರದಿ. ಅದೇ ಕೊಳವೆಯಿಂದ ಹಗಲೂ ರಾತ್ರಿ ಮುನ್ನೂರ ಮೂವತ್ತು ಡಿಗ್ರಿಯ ಗಾಳಿ ಹೋಗುತ್ತಿದೆ. ಹಿಡಿದರೆ ಎಂಟು ಮೆಗಾವ್ಯಾಟ್ ವಿದ್ಯುತ್ತು, ಕಾರ್ಖಾನೆಗೆ ಬೇಕಾದುದರ ಕಾಲುಭಾಗ. ಬೇರೆ ಕಾರ್ಖಾನೆಗಳು ಆಗಲೇ ಹಿಡಿಯುತ್ತಿವೆ. ಅಂಚಿನಲ್ಲಿ ಅಧಿಕಾರಿಯ ಟಿಪ್ಪಣಿ: "ಶಾಖ ನಮ್ಮ ವ್ಯವಹಾರವಲ್ಲ. ಸದ್ಯಕ್ಕೆ ಬದಿಗಿಡಿ."

ಎರಡಕ್ಕೂ ಒಂದೇ ಸಹಿ. ಒಂದೇ ದಿನ.

ಎರಡನ್ನೂ ಕಪಾಟಿನ ಮುಂದೆ ನೆಲದ ಮೇಲೆ ಅಕ್ಕಪಕ್ಕ ಇಟ್ಟೆ. ಎಪ್ಪತ್ತೆರಡು ವರ್ಷ ನಾನು ನಿಮ್ಮ ಪರ ವಾದಿಸಿದವಳು. ಪಾಪ, ಅವರಿಗೆ ಗೊತ್ತಿರಲಿಲ್ಲ ಎಂದು ಮಕ್ಕಳಿಗೆ ಪಾಠ ಹೇಳಿದವಳು. ನಿಮಗೆ ಗೊತ್ತಿತ್ತು! ಕಾರ್ಖಾನೆಯ ಕೆಳಗಿನ ಕಾಲೋನಿಯಲ್ಲಿ ಕರೆಂಟಿಲ್ಲದೆ ಜನ ರಟ್ಟಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದಾಗ, ತಲೆಯ ಮೇಲೆ ಎಂಟು ಮೆಗಾವ್ಯಾಟ್ ಹಾರಿಹೋಗುತ್ತಿತ್ತು. ಆ ಬೆಂಕಿಯಿಂದ ಒಬ್ಬ ಮನುಷ್ಯ ತೆಗೆದುಕೊಂಡದ್ದು ಎರಡು ರೊಟ್ಟಿಯ ಬಿಸಿ. ನೀವು ಕಳ್ಳನೆಂದು ಹಿಡಿದದ್ದು ಅವನನ್ನು.

ಆಮೇಲೆ ಸುಗಲಾಳ ಅರ್ಜಿಯನ್ನು ಮತ್ತೆ ಓದಿದೆ. "ಸದ್ಯಕ್ಕೆ ಅನುಮತಿ ಕೋರುತ್ತೇನೆ" ಎಂದಿತ್ತು.

ಇವತ್ತು ಬೆಳಿಗ್ಗೆ ಊರೆಲ್ಲ ಸೇರಿತ್ತು. ತಗಡಿನ ಮೇಲೆ ಅಂಗೈ ಇಟ್ಟು ಎಣಿಸತೊಡಗಿದೆ. ಹದಿನಾಲ್ಕಕ್ಕೆ ಕೈ ತೆಗೆದೆ.

"ನಿಮ್ಮ ಅಂಗೈ ಏನ್ ಬೆಣ್ಣಿದೇನ್ರಿ ಆಯಿ? ನಿನ್ನಿ ಚಾ ಸುಡ್ತದಂತ ಬಸ್ಯಾಗ ಸುರಕೊಂಡು ಕುಡದ್ರಿ!" ಎಂದು ಪಾಳಿಯವನೊಬ್ಬ ಕೂಗಿದ. ಕೆಲವರು ನಕ್ಕರು. ಹೆಚ್ಚಿನವರು ನಗಲಿಲ್ಲ.

ಸುಗಲಾ ತಾನೇ ಹೋಗಿ ಗೂಡು ಆರಿಸಿ ಬಂದಳು. "ನಿನಗ ಮೊಮ್ಮಗಳಿಗಿಂತ ಹೊಗಿ ದೊಡ್ಡದಾತು, ಹೌದಿಲ್ಲೋ?" ಎಂದಳು. ಎರಡೂ ಕಾಗದ ಅವಳ ಕೈಗೆ ಕೊಟ್ಟೆ. ನಿಂತೇ ಓದಿದಳು. ಮಡಚಿ ಕೊಟ್ಟು ಹೋದಳು. ಮಧ್ಯಾಹ್ನ ಊಟಕ್ಕೆ ಬರಲಿಲ್ಲ.

ನಿಮ್ಮಲ್ಲಿ ನನ್ನದೊಂದು ಬೇಡಿಕೆ. ಆ ಎಂಜಿನಿಯರನ ವರದಿಯಂಥದು ನಿಮ್ಮ ಊರಿನ ಕಾರ್ಖಾನೆಯಲ್ಲೂ ಯಾವುದೋ ಕಪಾಟಿನಲ್ಲಿದೆ. ಹೊರತೆಗೆಯಿರಿ. ಸಹಿ ಮಾಡುವವರ ಮುಂದಿಡಿ. ಅವರು ಕೊನೆಯ ಸಾಲು ಓದಿ ಮುಗಿಸುವವರೆಗೆ ಕುರ್ಚಿಯಿಂದ ಏಳಬೇಡಿ. ಸಹಿ ಮಾಡುವವರು ನಿಮ್ಮ ಮನೆಯವರೇ ಆಗಿದ್ದರೆ ಆ ದಿನ ಊಟ ಸೇರುವುದಿಲ್ಲ. ನನಗೂ ಸೇರಿಲ್ಲ. ಆದರೂ ಏಳಬೇಡಿ.

ಗುರುಲಿಂಗಮ್ಮ ಹಾದಿಮನಿ