ಗಫಾರ ಬೀಡಿ ಸೇದುವುದಿಲ್ಲ

ಮಾನ್ಯ ಕಾರ್ಖಾನೆ ಸುರಕ್ಷತಾ ಅಧಿಕಾರಿಗಳೇ,

ಮೂಡಲಗಿ ತಾಲ್ಲೂಕಿನ ನಮ್ಮ ಸಕ್ಕರೆ ಪುಡಿ ಕಾರ್ಖಾನೆಯ ಸ್ಫೋಟದ ಬಗ್ಗೆ ತಾವು ಬರೆದ ವರದಿ ಕಳೆದ ತಿಂಗಳು ಕೈಗೆ ಬಂತು. ಹನ್ನೊಂದು ಪುಟ. ಒಂಬತ್ತನೆಯ ಪುಟದಲ್ಲಿ, ‘ಯಂತ್ರದ ಬಳಿ ಕಾರ್ಮಿಕನು ಬೀಡಿ ಹಚ್ಚಿದ್ದೇ ಅವಘಡಕ್ಕೆ ಕಾರಣ’ ಎಂದಿದೆ. ಆ ಕಾರ್ಮಿಕನ ಹೆಸರು ಗಫಾರ, ಧುಪದಾಳದವನು. ಅವನು ಬೀಡಿ ಸೇದುವುದಿಲ್ಲ. ಇದನ್ನು ತಿಳಿಯಲು ಪ್ರಯೋಗಾಲಯ ಬೇಕಿರಲಿಲ್ಲ, ಅವನ ಜೊತೆ ದುಡಿದ ಯಾರನ್ನು ಕೇಳಿದ್ದರೂ ಸಾಕಿತ್ತು. ಆದರೆ ಕೇಳಲು ಬರಬೇಕಿತ್ತು. ತಾವು ಬರಲಿಲ್ಲ.

ನಾನು ಅಲ್ಲಿ ಹತ್ತೊಂಬತ್ತು ವರ್ಷ ಯಂತ್ರಗಳ ದುರಸ್ತಿ ನೋಡಿಕೊಂಡವನು. ಸಕ್ಕರೆ ಸಿಡಿಯುತ್ತದೆ ಎಂದರೆ ಅದನ್ನು ಚಹಾಕ್ಕೆ ಹಾಕಿಕೊಳ್ಳುವ ಜನ ನಗುತ್ತಾರೆ. ಹಿಟ್ಟಿನಂತೆ ನುಣ್ಣಗೆ ಬೀಸಿದ ಸಕ್ಕರೆ ಗಾಳಿಯಲ್ಲಿ ತುಂಬಿಕೊಂಡಾಗ ಒಂದು ಕಿಡಿ ಬಿದ್ದರೆ ಗೋಡೆ ಉಳಿಯುವುದಿಲ್ಲ. ಅದಕ್ಕೇ ನಿಯಮಗಳಿವೆ. ತೊಲೆಗಳ ಮೇಲೆ ಪುಡಿ ಕೂರಬಾರದು, ಒತ್ತಡ ಹೊರಹೋಗಲು ಗೋಡೆಯಲ್ಲಿ ಸಡಿಲ ಬಾಗಿಲಿರಬೇಕು, ಯಂತ್ರ ಮಿತಿಮೀರಿ ಕಾದರೆ ತಾನಾಗಿ ನಿಲ್ಲಬೇಕು. ಒಳ್ಳೆಯ ನಿಯಮಗಳು. ಅವುಗಳಿಗಿರುವ ಒಂದೇ ದೋಷವೆಂದರೆ, ಅವು ಪಾಲನೆಯಾಗಿವೆಯೇ ಎಂದು ಯಾರಾದರೂ ಏಣಿ ಹತ್ತಿ ನೋಡಬೇಕಾಗುತ್ತದೆ.

ಸೋಂಕಿನ ಎರಡನೆಯ ಅಲೆಯ ವರ್ಷ ಕಾರ್ಖಾನೆಗಳಿಗೆ ಭೇಟಿ ಕೊಡುವುದಕ್ಕೆ ನಿರ್ಬಂಧವಿತ್ತು. ಅದಕ್ಕೆ ನನ್ನ ತಕರಾರಿಲ್ಲ. ಆಗ ನಾವು ಸತ್ತವರ ಮನೆಗೂ ಹೋಗುತ್ತಿರಲಿಲ್ಲ. ತಾವು ಫೋಟೊ ತರಿಸಿಕೊಂಡು, ವಿಡಿಯೋ ಕರೆಯಲ್ಲೇ ತಪಾಸಣೆ ಮಾಡಿದಿರಿ. ಫೋನ್ ಹಿಡಿದವನು ನಾನು, ಪಕ್ಕದಲ್ಲಿ ನಿಂತವರು ಮ್ಯಾನೇಜರರು. ಹಿಂದಿನ ದಿನ ನೆಲ ತೊಳೆಸಿದ್ದರು. ಸಡಿಲ ಬಾಗಿಲನ್ನು ಒಳಗಿನಿಂದ ತೋರಿಸಿದೆ, ಬಣ್ಣ ಹೊಳೆಯುತ್ತಿತ್ತು. ಹೊರಗಿನಿಂದ ಅದಕ್ಕೆ ಒತ್ತಿ ಚೀಲಗಳನ್ನು ಒಟ್ಟಿದ್ದರು, ಅದನ್ನು ತೋರಿಸಲಿಲ್ಲ. ಕೊನೆಗೆ ತಾವು, “ಫೋನ್ ಸ್ವಲ್ಪ ಮೇಲೆ ಹಿಡಿಯಿರಿ, ತೊಲೆ ನೋಡಬೇಕು” ಎಂದಿರಿ. ತೊಲೆಯ ಮೇಲೆ ಎರಡು ಬೆರಳು ದಪ್ಪ ಪುಡಿ ಕೂತಿತ್ತು. ಮ್ಯಾನೇಜರರು ಬೇಡವೆಂದು ತಲೆಯಾಡಿಸಿದರು. ನಾನು, “ಸಾಹೇಬ್ರ, ನೆಟ್‌ವರ್ಕ್ ಹೋಗಾಕತ್ತೈತ್ರಿ” ಎಂದು ಕರೆ ಕತ್ತರಿಸಿದೆ.

ನೆಟ್‌ವರ್ಕ್ ಚೆನ್ನಾಗಿಯೇ ಇತ್ತು. ನಾನು ಸುಳ್ಳು ಹೇಳಿದೆ. ಕೆಲಸ ಹೋದೀತೆಂಬ ಭಯ ಎಂದು ಈಗ ಹೇಳಬಹುದು, ಆದರೆ ಆ ಗಳಿಗೆಯಲ್ಲಿ ಭಯವೂ ಇರಲಿಲ್ಲ. ರೂಢಿಯಾಗಿತ್ತು, ಅಷ್ಟೇ. ತಾವು ಮತ್ತೆ ಕರೆ ಮಾಡುತ್ತೀರೆಂದು ಅರ್ಧ ಗಂಟೆ ಫೋನ್ ಕೈಯಲ್ಲೇ ಹಿಡಿದು ಕೂತಿದ್ದೆ. ತಾವು ಮಾಡಲಿಲ್ಲ. ನಾಲ್ಕನೆಯ ದಿನ ಪ್ರಮಾಣಪತ್ರ ಬಂತು: ‘ಎಲ್ಲ ಕ್ರಮಗಳೂ ತೃಪ್ತಿಕರ.’ ನಿರ್ಬಂಧ ತೆರವಾಯಿತು, ಶಾಲೆಗಳು ತೆರೆದವು, ಜಾತ್ರೆಗಳು ನಡೆದವು, ಚುನಾವಣೆಯೂ ಮುಗಿಯಿತು. ತಮ್ಮ ತಪಾಸಣೆ ಮಾತ್ರ ಫೋಟೊದಲ್ಲೇ ಉಳಿಯಿತು. ಮುಂದಿನ ಎರಡು ವರ್ಷವೂ ಅವೇ ಹಳೆಯ ಫೋಟೊಗಳನ್ನು ಕಳಿಸಿದೆವು. ಅವುಗಳಲ್ಲಿ ಕಾಣುವ ಗೋಡೆಯ ಕ್ಯಾಲೆಂಡರಿನಲ್ಲಿ ಅದೇ ಹಳೆಯ ಜೂನ್ ತಿಂಗಳಿತ್ತು. ತಮ್ಮ ಕಚೇರಿಯಲ್ಲಿ ಯಾರಿಗೂ ಅದು ವಿಚಿತ್ರ ಎನಿಸಲಿಲ್ಲವೇ?

ಮೂರನೆಯ ವರ್ಷ, ಮಾರ್ಚ್ ತಿಂಗಳ ಒಂದು ಮಧ್ಯಾಹ್ನ, ಸಕ್ಕರೆ ಮೇಲಕ್ಕೆ ಸಾಗಿಸುವ ಯಂತ್ರದ ಬೇರಿಂಗ್ ಕಾದು ಕೆಂಪಾಯಿತು. ಅದು ಕಾಯುತ್ತಿದೆ ಎಂದು ನಾನು ದುರಸ್ತಿ ಪುಸ್ತಕದಲ್ಲಿ ಎರಡು ಸಲ ಬರೆದಿದ್ದೆ. ಮೊದಲು ಕೇಳಿದ್ದು ಸಣ್ಣ ಸದ್ದು, ಬಾಗಿಲು ಬಡಿದಂತೆ. ಆ ಕಂಪನಕ್ಕೆ ತೊಲೆಗಳ ಮೇಲಿನ ಪುಡಿಯೆಲ್ಲ ಒಮ್ಮೆಲೇ ಉದುರಿತು. ಎರಡನೆಯ ಸದ್ದಿಗೆ ಚಾವಣಿ ಹಾರಿತು. ಒಳಗೆ ನಾಲ್ವರಿದ್ದರು. ಗಫಾರ ಮೂವರನ್ನು ಹೊರಗೆ ದೂಡಿದ. ನಾಲ್ಕನೆಯವನು ಅವನೇ.

ಆಮೇಲೆ ಮತ್ತೊಂದು ನಿರ್ಬಂಧ ಬಂತು. ಕಟ್ಟಡ ಕುಸಿಯಬಹುದೆಂದು ಒಳಗೆ ಯಾರನ್ನೂ ಬಿಡಲಿಲ್ಲ. ವಿಚಾರಣೆಯೂ ಫೋನಿನಲ್ಲೇ ನಡೆಯಿತು. ಬೆಳಗಾವಿಯ ಆಸ್ಪತ್ರೆಯಲ್ಲಿ ಗಫಾರನ ಎರಡೂ ಕೈಗೆ ಪಟ್ಟಿ ಸುತ್ತಿತ್ತು, ಬಿಸಿ ಹೊಗೆ ನುಂಗಿದ ಗಂಟಲಿನಿಂದ ಸ್ವರ ಹೊರಡುತ್ತಿರಲಿಲ್ಲ. ಹೆಂಡತಿ ನಾಜಿಯಾ ಫೋನನ್ನು ಅವನ ಬಾಯಿಗೆ ಹಿಡಿದಿದ್ದಳು. ತಮ್ಮ ವರದಿಯಲ್ಲಿ ಅದು ಹೀಗೆ ದಾಖಲಾಗಿದೆ: ‘ಬೀಡಿಯ ಬಗ್ಗೆ ಕೇಳಿದಾಗ ಗಾಯಾಳು ನಿರಾಕರಿಸಲಿಲ್ಲ.’ ನಿಜ. ಅವನು ನಿರಾಕರಿಸಲಿಲ್ಲ. ನೀರು ಬೇಕು ಎನ್ನಲೂ ಅವನಿಂದ ಆಗುತ್ತಿರಲಿಲ್ಲ. ಬೀಡಿಯ ಮಾತು ಯಾರು ತಮ್ಮ ಕಿವಿಗೆ ಹಾಕಿದರೆಂದು ವರದಿಯಲ್ಲಿಲ್ಲ, ನನಗೆ ಊಹಿಸುವುದು ಕಷ್ಟವಲ್ಲ.

ವರದಿ ಹಿಡಿದುಕೊಂಡು ನಾನು ಧುಪದಾಳಕ್ಕೆ ಹೋದೆ. ಗಫಾರ ಕಟ್ಟೆಯ ಮೇಲೆ ಕೂತಿದ್ದ. ಬೆರಳುಗಳು ಮಡಚುವುದಿಲ್ಲ, ಅಂಗಿಯ ಗುಂಡಿಯನ್ನು ನಾಜಿಯಾ ಹಾಕಬೇಕು. ಸ್ವರ ಮರಳಿದೆ, ಒಡಕಾಗಿ.

“ಕಾಕಾ, ನಾ ಬೀಡಿ ಸೇದಿದ್ದು ನೀವು ಎಂದಾದ್ರೂ ನೋಡೀರೇನ್ರಿ?”

“ಇಲ್ಲಪಾ.”

“ಊರಾಗ ನನ್ನ ನೋಡಿ ಏನಂತಾರ ಗೊತ್ತೈತೇನ್ರಿ? ಮಿಲ್ ಸುಟ್ಟಾಂವ ಅಂತಾರ. ಕೈ ಹೋದದ್ದು ತಡಕೊಂಡೇನಿ. ಇದನ್ನ ಹೆಂಗ ತಡಕೊಳ್ಳಲಿ?”

ಆಗ ನಾನು ಕರೆ ಕತ್ತರಿಸಿದ ಸಂಗತಿಯನ್ನು ಹೇಳಿದೆ. ಬೈಯುತ್ತಾನೆ ಅಂದುಕೊಂಡಿದ್ದೆ. ಅವನು ನಾಜಿಯಾಳನ್ನು ಕರೆದ. ಅವಳು ಎಲ್ಲ ಕೇಳಿಸಿಕೊಂಡಿದ್ದಳು, ಒಳಗಿನಿಂದ ಬಂದು ನನ್ನ ಮುಂದೆ ನಿಂತಳು.

“ಇದನ್ನ ನಮ್ಮ ಮುಂದ ಹೇಳಿ ಏನ್ ಉಪಯೋಗ್ರಿ ಕಾಕಾ?” ಎಂದಳು. “ಆ ವರದಿ ಯಾರು ಬರದಾರೋ ಅವರ ಮುಂದ ಹೇಳ್ರಿ.”

ಅದಕ್ಕಾಗಿ ಈ ಬಹಿರಂಗ ಪತ್ರ. ತಮ್ಮ ಕಚೇರಿಗೆ ಎರಡು ಸಲ ಖಾಸಗಿಯಾಗಿ ಬರೆದೆ. ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಬಂದಿದೆ. ತಾವು ಎಲ್ಲ ಕಡೆಗೂ ಬರಲಾಗುವುದಿಲ್ಲ, ಒಪ್ಪುತ್ತೇನೆ. ಗೋಕಾಕ, ಮೂಡಲಗಿ, ಹುಕ್ಕೇರಿಯ ಕಾರ್ಖಾನೆಗಳು ಬಹಳ, ತಮ್ಮ ಸಿಬ್ಬಂದಿ ಕಡಿಮೆ. ಬರಲಾಗದಾಗ ದೂರದಿಂದಲೇ ನೋಡಿ, ಆದರೆ ನೋಡಿ. ಫೋನನ್ನು ಮಾಲೀಕರ ಮನುಷ್ಯನ ಕೈಗೆ ಕೊಡಬೇಡಿ, ಯಂತ್ರದ ಬಳಿ ದುಡಿಯುವವರಲ್ಲಿ ತಾವೇ ಒಬ್ಬರನ್ನು ಆರಿಸಿ. ಕರೆ ಕಡಿದರೆ ಮತ್ತೆ ಮಾಡಿ. ತೊಲೆಯ ಮೇಲೆ ಬೆರಳು ಎಳೆದು ತೋರಿಸಲು ಹೇಳಿ. ನಿರ್ಬಂಧ ಮುಗಿದ ತಿಂಗಳೊಳಗೆ ಖುದ್ದಾಗಿ ಬನ್ನಿ. ಅಲ್ಲಿಯವರೆಗೆ ಕೊಡುವ ಪತ್ರದ ಮೇಲೆ ‘ಕಣ್ಣಾರೆ ನೋಡಿಲ್ಲ’ ಎಂದು ಬರೆಯುವ ಪ್ರಾಮಾಣಿಕತೆ ಇರಲಿ.

ಇವೆಲ್ಲ ತಮ್ಮ ಅನುಕೂಲ ನೋಡಿ ಮಾಡಬಹುದು. ಒಂದನ್ನು ಮಾತ್ರ ಈಗಲೇ ಮಾಡಬೇಕು: ಬೀಡಿಯ ಆ ವಾಕ್ಯವನ್ನು ಹೊಡೆದುಹಾಕಿ. ನನ್ನ ಹೇಳಿಕೆಯನ್ನು ಬರೆದುಕೊಳ್ಳಿ, ಶಿಕ್ಷೆಯಿದ್ದರೆ ನನಗೂ ಆಗಲಿ. ತಿದ್ದಿದ ವರದಿಯನ್ನು ಅಂಚೆಯಲ್ಲಿ ಕಳಿಸಬೇಡಿ. ಧುಪದಾಳಕ್ಕೆ ತಾವೇ ಹೋಗಿ, ಆ ಕಟ್ಟೆಯ ಮೇಲೆ ಕೂತು, ನಾಲ್ಕು ಜನ ಕೇಳುವಂತೆ ಅವನಿಗೆ ಓದಿ ಹೇಳಿ. ಪುಟ ತಿರುವಿ ಓದಿಕೊಳ್ಳಲು ಅವನಿಂದ ಆಗುವುದಿಲ್ಲ.

ಇಂತಿ,
ಹೇಳಬೇಕಾದಾಗ ಹೇಳದೆ ಈಗ ಹೇಳುತ್ತಿರುವ
ತವನಪ್ಪ, ಕಲ್ಲೋಳಿ